50 ವ್ಯಾಟ್ ವಾಲ್ವ್ ಆಂಪ್‌ಗೆ ಯಾವ ಕ್ಯಾಬಿನೆಟ್? ಮೊದಲು ಆ ಕೇಬಲ್ ಬದಲಿಸಿ

ಪ್ರಶ್ನೆ: ನನ್ನ ಬಳಿ ಎರಡು ಇಎಲ್34 ವಾಲ್ವ್‌ಗಳಿರುವ (ಸಿಗ್ನಲ್ ಹಿಗ್ಗಿಸುವ ಗಾಜಿನ ನಿರ್ವಾತ ನಳಿಕೆಗಳು) 50 ವ್ಯಾಟ್ ಗಿಟಾರ್ ಹೆಡ್ ಇದೆ, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್. ಹಿಂಬದಿಯಲ್ಲಿ ಸ್ಪೀಕರ್‌ನ ಓಮ್‌ಗೆ (ಅದು ಕರೆಂಟ್‌ಗೆ ಒಡ್ಡುವ ತಡೆ) ಹೊಂದಿಸುವ 4, 8, 16 ಸ್ವಿಚ್. ಈಗ ಅದನ್ನು ಹಿಂಬದಿ ತೆರೆದಿರುವ 1×12 ಕ್ಯಾಬ್‌ಗೆ (12 ಇಂಚಿನ ಒಂದು ಸ್ಪೀಕರ್ ಇರುವ ಪೆಟ್ಟಿಗೆ) ಜೋಡಿಸಿದ್ದೇನೆ. ಒಳಗೆ 8 ಓಮ್, 60 ವ್ಯಾಟ್ ಸ್ಪೀಕರ್. ನಡುವೆ ಇರುವುದು ಆರು ಮೀಟರ್‌ನ ಗಿಟಾರ್ ಕೇಬಲ್. ವಾಲ್ಯೂಮ್ ಅರ್ಧ ದಾಟಿದರೆ ದಪ್ಪ ತಂತಿಗಳಲ್ಲಿ 'ಬರ್ರ್' ಎಂದು ಹರಿದಂಥ ಸದ್ದು ಬರುತ್ತದೆ. ನನಗೆ ಧ್ವನಿ ಮಂದ ಅನ್ನಿಸಿ ಟ್ರೆಬಲ್ ಏರಿಸುತ್ತೇನೆ. ಎದುರು ಕೂತವರು ಕಿವಿ ಚುಚ್ಚುತ್ತದೆ ಅನ್ನುತ್ತಾರೆ. ಕ್ಯಾಬ್ ಬದಲಿಸಲು ಎರಡನ್ನು ನೋಡಿಟ್ಟಿದ್ದೇನೆ. ಒಂದು, ಬಳಸಿದ 4×12: ನಾಲ್ಕು 75 ವ್ಯಾಟ್ ಸ್ಪೀಕರ್, 16 ಓಮ್. ಇನ್ನೊಂದು, ಹಿಂಬದಿ ಮುಚ್ಚಿದ ಹೊಸ 2×12: ಒಂದು 25 ವ್ಯಾಟ್ ಗ್ರೀನ್‌ಬ್ಯಾಕ್, ಒಂದು 60 ವ್ಯಾಟ್ ವಿಂಟೇಜ್ 30 (ಎರಡೂ ಸ್ಪೀಕರ್ ಮಾದರಿಗಳ ಹೆಸರು), ಒಟ್ಟು 8 ಓಮ್. 50 ವ್ಯಾಟ್ ಆಂಪ್ 300 ವ್ಯಾಟ್ ಕ್ಯಾಬನ್ನು ಓಡಿಸಲಾರದು ಅಂತ ಒಬ್ಬರು, ಓಮ್ ಚೂರು ತಪ್ಪಿದರೂ ಆಂಪ್ ಸುಟ್ಟೇಹೋಗುತ್ತದೆ ಅಂತ ಇನ್ನೊಬ್ಬರು. ಹೆಚ್ಚಾಗಿ ನುಡಿಸುವುದು ಕೋಣೆಯಲ್ಲಿ, ವಾರಕ್ಕೊಮ್ಮೆ ಡ್ರಮ್ಮರ್ ಜತೆ, ಆಗೊಮ್ಮೆ ಈಗೊಮ್ಮೆ ಸಣ್ಣ ವೇದಿಕೆಯಲ್ಲಿ. ಯಾವುದನ್ನು ತೆಗೆದುಕೊಳ್ಳಲಿ? ಹಳೆಯ ಕ್ಯಾಬನ್ನೂ ಹೊಸದರ ಜತೆ ಸೇರಿಸಬಹುದೇ?

ಉತ್ತರ: ಕ್ಯಾಬ್ ವಿಚಾರ ಆಮೇಲೆ. ಆ ಗಿಟಾರ್ ಕೇಬಲ್ ಇನ್ನೂ ಆಂಪ್‌ಗೂ ಸ್ಪೀಕರ್‌ಗೂ ನಡುವೆ ಇದ್ದರೆ, ಮೊದಲು ಆಂಪ್ ಆಫ್ ಮಾಡಿ ಅದನ್ನು ತೆಗೆದಿಡಿ. ನಿಮ್ಮ ಪತ್ರದಲ್ಲಿ ನಿಜವಾಗಿಯೂ ಆಂಪ್ ಸುಡಬಲ್ಲ ಸಂಗತಿ ಅದೊಂದೇ, ಅದರ ಬಗ್ಗೆ ಮಾತ್ರ ಯಾರೂ ನಿಮ್ಮನ್ನು ಎಚ್ಚರಿಸಿದಂತಿಲ್ಲ.

ಎರಡು ಕೇಬಲ್‌ಗಳ ತುದಿಯಲ್ಲೂ ಕಾಲು ಇಂಚಿನ ಅದೇ ಪ್ಲಗ್ ಇರುವುದರಿಂದ ಮೋಸಹೋಗುವುದು ಸುಲಭ. ಪ್ಲಗ್‌ನ ಮುಚ್ಚಳ ತಿರುಚಿ ಒಳಗೆ ನೋಡಿ. ಗಿಟಾರ್ ಕೇಬಲ್‌ನಲ್ಲಿ ನಡುವೆ ಕೂದಲಿನಂಥ ಎಳೆಗಳ ಒಂದು ತೆಳು ತಂತಿ, ಸುತ್ತ ಜಾಲರಿ. ಆ ನಡುವಿನ ತಂತಿಯ ದಪ್ಪ ಸಾಮಾನ್ಯವಾಗಿ 0.2 ಚದರ ಮಿಲಿಮೀಟರ್ ಆಸುಪಾಸು. ಗಿಟಾರ್‌ನಿಂದ ಬರುವ ಸಣ್ಣ ಸಿಗ್ನಲ್‌ಗೆ ಅಷ್ಟು ಧಾರಾಳ ಸಾಕು. ಆದರೆ 8 ಓಮ್ ಸ್ಪೀಕರ್‌ಗೆ 50 ವ್ಯಾಟ್ ಹರಿಯುವಾಗ ಕರೆಂಟ್ 2.5 ಆಂಪಿಯರ್, 4 ಓಮ್‌ಗೆ 3.5. ತಂತಿ ಬೆಚ್ಚಗಾಗುತ್ತದೆ, ಒಳಗಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ತಂತಿ ಜಾಲರಿಗೆ ತಗುಲಬಹುದು ಅಥವಾ ಪ್ಲಗ್‌ನ ಬೆಸುಗೆ ಬಿಟ್ಟುಕೊಳ್ಳಬಹುದು. ಬಿಟ್ಟುಕೊಂಡ ಕ್ಷಣ ನಿಮ್ಮ ವಾಲ್ವ್ ಆಂಪ್ ಲೋಡ್ ಇಲ್ಲದೆ, ಅಂದರೆ ಸ್ಪೀಕರೇ ಇಲ್ಲದ ಹಾಗೆ, ಓಡುತ್ತಿರುತ್ತದೆ. ಅದು ಏಕೆ ಅಪಾಯ ಎಂಬುದು ಮುಂದೆ ಬರುತ್ತದೆ.

ಬೇಕಾದದ್ದು ಸ್ಪೀಕರ್ ಕೇಬಲ್: ಒಂದೇ ದಪ್ಪದ ಎರಡು ತಂತಿ, ತಲಾ 1.5 ಚದರ ಮಿಲಿಮೀಟರ್ ಅಥವಾ ಹೆಚ್ಚು, ಉದ್ದ ಒಂದೂವರೆ ಮೀಟರ್ ಸಾಕು. ಹೆಡ್ಡು ಕ್ಯಾಬ್ ಪಕ್ಕದಲ್ಲೇ ಇರುವಾಗ ಆರು ಮೀಟರ್ ಏಕೆ? ಹಾಗೆಯೇ ಸ್ಪೀಕರ್ ಕೇಬಲನ್ನು ಗಿಟಾರ್‌ಗೆ ಹಾಕಬೇಡಿ. ಅದರಲ್ಲಿ ಜಾಲರಿ ಇಲ್ಲ, ಕೆಡುವುದೇನೂ ಇಲ್ಲ, ಆದರೆ ಗುಂಯ್ ಅನ್ನುತ್ತಲೇ ಇರುತ್ತದೆ.

'ಬರ್ರ್' ಎಲ್ಲಿಂದ?

ಹೊಸ ಕ್ಯಾಬ್ ತರುವ ಮೊದಲು ಈ ಸದ್ದಿನ ಮೂಲ ಹುಡುಕಿ. ಅದು ಸ್ಪೀಕರ್‌ನದ್ದಲ್ಲದಿದ್ದರೆ ಹೊಸ ಕ್ಯಾಬ್‌ನಲ್ಲೂ ಬರುತ್ತದೆ.

ಹೆಡ್ಡನ್ನು ಕ್ಯಾಬ್ ಮೇಲಿಂದ ಇಳಿಸಿ ಪಕ್ಕದ ಕುರ್ಚಿಯ ಮೇಲಿಡಿ, ಮತ್ತೆ ನುಡಿಸಿ. ಸದ್ದು ನಿಂತರೆ ಕಂಪಿಸುತ್ತಿದ್ದುದು ಹೆಡ್ಡಿನೊಳಗಿನ ವಾಲ್ವ್ ಅಥವಾ ಅದರ ಹಿಡಿಕ್ಲಿಪ್. ನಿಲ್ಲದಿದ್ದರೆ, ಆರನೇ ತಂತಿಯ ಮೇಲೆ ತೆರೆದ ಸ್ವರದಿಂದ ಒಂದೊಂದೇ ಫ್ರೆಟ್ ಏರುತ್ತಾ ಹೋಗಿ. ಒಂದೆರಡು ಸ್ವರಗಳಲ್ಲಿ ಮಾತ್ರ ಜೋರಾಗಿ ಬಂದು ಉಳಿದೆಡೆ ಇಲ್ಲವೆಂದರೆ ಅದು ಸಡಿಲ ಬಿಡಿಭಾಗದ ಲಕ್ಷಣ: ಹಿಡಿಕೆ, ಮೂಲೆಯ ಕವಚ, ಜ್ಯಾಕ್ ತಟ್ಟೆ, ಹಿಂಬದಿ ಹಲಗೆಯ ಸ್ಕ್ರೂ, ಕೋನ್‌ಗೆ (ಸ್ಪೀಕರ್‌ನ ಕಂಪಿಸುವ ಬಟ್ಟಲಿನಂಥ ಭಾಗ) ತಾಗುತ್ತಿರುವ ಒಳವೈರು. ಒಬ್ಬರು ಆ ಸ್ವರ ನುಡಿಸುತ್ತಿರಲಿ, ಇನ್ನೊಬ್ಬರು ಒಂದೊಂದನ್ನೂ ಅಂಗೈಯಿಂದ ಒತ್ತುತ್ತಾ ಬರಲಿ. ಅರ್ಧಕ್ಕರ್ಧ ದೂರು ಒಂದು ಸ್ಕ್ರೂ ಡ್ರೈವರ್‌ನಲ್ಲಿ ಮುಗಿಯುತ್ತದೆ.

ಸ್ಪೀಕರ್ ಹಿಡಿದಿರುವ ಬೋಲ್ಟ್‌ಗಳನ್ನು ಮಾತ್ರ ಜಾಣತನದಿಂದ ಬಿಗಿ ಮಾಡಿ. ಒಂದು, ಆಮೇಲೆ ಅದರ ಎದುರಿನದು, ಹೀಗೆ ಅಡ್ಡಡ್ಡ, ಕೈಬಿಗಿ ಸಾಕು. ಒಂದೇ ಕಡೆ ಹಿಂಡಿದರೆ ತಗಡಿನ ಫ್ರೇಮ್ ತಿರುಚಿಕೊಂಡು, ವಾಯ್ಸ್ ಕಾಯಿಲ್ (ಕೋನ್‌ನ ಬುಡದ ತಂತಿಸುರುಳಿ) ಆಯಸ್ಕಾಂತದ ಸಂದಿಯ ಗೋಡೆಗೆ ಉಜ್ಜಲು ಶುರುವಾಗುತ್ತದೆ.

ಉಜ್ಜುತ್ತಿದೆಯೇ ಎಂದು ನೋಡಲು ಆಂಪ್ ಆಫ್ ಮಾಡಿ, ತೆರೆದ ಹಿಂಬದಿಯಿಂದ ಎರಡೂ ಕೈ ತೂರಿಸಿ, ಫ್ರೇಮಿನ ಕಾಲುಗಳ ನಡುವೆ ಬೆರಳ ತುದಿಗಳನ್ನು ಕೋನ್‌ಗೆ ಎದುರುಬದುರಾಗಿ ತಾಗಿಸಿ, ಸಮನಾಗಿ ಎರಡು ಮೂರು ಮಿಲಿಮೀಟರ್ ಮುಂದಕ್ಕೆ ತಳ್ಳಿ ಬಿಡಿ. ಕಿವಿ ಹತ್ತಿರ ತನ್ನಿ. ಆರೋಗ್ಯವಂತ ಸ್ಪೀಕರ್ ಏನೂ ಹೇಳುವುದಿಲ್ಲ. ಮರಳುಕಾಗದ ಎಳೆದಂಥ 'ಸರಸರ' ಕೇಳಿದರೆ ಕಾಯಿಲ್ ಉಜ್ಜುತ್ತಿದೆ; ಅದನ್ನು ಬದಲಿಸುವುದು ಅಥವಾ ಹೊಸ ಕೋನ್ ಹಾಕಿಸುವುದು ಬಿಟ್ಟರೆ ದಾರಿಯಿಲ್ಲ. ಒಂದೇ ಕಡೆ ಒತ್ತಿ ನೋಡಬೇಡಿ, ಚೆನ್ನಾಗಿರುವುದೂ ಉಜ್ಜಿದಂತೆ ಕೇಳುತ್ತದೆ.

ಇದ್ಯಾವುದೂ ಅಲ್ಲದಿದ್ದರೆ ಕಾರಣ ಬಹುಶಃ ಸ್ಪೀಕರ್‌ಗೆ ಮೀರಿದ ಹೊರೆ. ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ಕೋನ್‌ನ ಬೆನ್ನಿಗೆ ಗಾಳಿಯ ಆಸರೆ ಇರುವುದಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದಿಡುತ್ತದೆ. ತೆರೆದದ್ದರಲ್ಲಿ ತಗ್ಗು ಸ್ವರ ಬಂದಾಗ ಕೋನ್ ಲಂಗುಲಗಾಮಿಲ್ಲದೆ ಓಡಾಡುತ್ತದೆ. ಗಿಟಾರ್‌ನ ಅತಿ ತಗ್ಗಿನ ಸ್ವರ 82 ಹರ್ಟ್ಜ್. 12 ಇಂಚಿನ ಗಿಟಾರ್ ಸ್ಪೀಕರ್‌ಗಳ ಸ್ವಂತ ಅನುರಣನ ಹೆಚ್ಚಾಗಿ 75 ಹರ್ಟ್ಜ್ ಆಚೀಚೆ. ಎರಡೂ ಅಕ್ಕಪಕ್ಕ. ಬಾಸ್ ಗುಂಡಿಯನ್ನು ಎರಡು ಅಂಕಿ ಇಳಿಸಿ ನೋಡಿ. ಸದ್ದು ಮಾಯವಾದರೆ ಕಾರಣ ಇದೇ, ಮುಚ್ಚಿದ ಪೆಟ್ಟಿಗೆಗೆ ಹೋಗಲು ನಿಮಗೊಂದು ಗಟ್ಟಿ ನೆಪ ಸಿಕ್ಕಿತು.

ಓಮ್: ಭಯಕ್ಕೆ ಎಷ್ಟು ಅರ್ಥವಿದೆ

ವಾಲ್ವ್‌ಗಳು ಸ್ಪೀಕರನ್ನು ನೇರವಾಗಿ ಓಡಿಸುವುದಿಲ್ಲ, ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ. 50 ವ್ಯಾಟ್‌ನ ಇಎಲ್34 ಜೋಡಿಗೆ ಎದುರು ಸುಮಾರು 3,400 ಓಮ್ ಕಾಣಬೇಕು. ಸ್ವಿಚ್ಚು 8ರಲ್ಲಿದ್ದು 8 ಓಮ್ ಕ್ಯಾಬ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ಅದನ್ನು ಅಷ್ಟಾಗಿ ತೋರಿಸುತ್ತದೆ. ಅದೇ ಸ್ಥಾನದಲ್ಲಿ 16 ಓಮ್ ಹಾಕಿದರೆ 6,800 ಆಗುತ್ತದೆ, 4 ಹಾಕಿದರೆ 1,700.

ಕಡಿಮೆ ಕಡೆಗೆ ತಪ್ಪಿದರೆ ಕರೆಂಟ್ ಹೆಚ್ಚಿ ವಾಲ್ವ್‌ಗಳು ಬೇಗ ಸವೆಯುತ್ತವೆ. ಹೆಚ್ಚಿನ ಕಡೆಗೆ ತಪ್ಪಿದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಏರುತ್ತದೆ, ಇಎಲ್34ನ ಸ್ಕ್ರೀನ್ ಗ್ರಿಡ್ (ವಾಲ್ವ್‌ನೊಳಗಿನ ಒಂದು ಜಾಲರಿ) ಮೇಲೆ ಹೊರೆ ಬೀಳುತ್ತದೆ. ಎರಡಕ್ಕೂ ಒಂದು ಮಿತಿಯಿದೆ. ಒಂದು ಮೆಟ್ಟಿಲು ತಪ್ಪಿ ಅರ್ಧಗಂಟೆ ನುಡಿಸಿದರೆ ಒಳ್ಳೆಯ ಆಂಪ್‌ಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಆದರೆ ತಾಳಿಕೊಳ್ಳುತ್ತದೆ ಅಂತ ಹಾಗೇ ಬಿಡುವುದಲ್ಲ. ನಿಮ್ಮ ಹೆಡ್‌ನಲ್ಲಿ ಮೂರೂ ಸ್ಥಾನಗಳಿರುವಾಗ ತಪ್ಪಿಸಬೇಕಾದ ಪ್ರಸಂಗವೇ ಇಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ವಾಲ್ವ್ ಆಂಪ್‌ನಲ್ಲಿ ಕ್ಯಾಬ್‌ನ ಓಮ್ ಸ್ವಿಚ್ಚಿಗಿಂತ ಕಡಿಮೆಯಿರುವುದು ವಾಸಿ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದು ತಿರುಗುಮುರುಗು: ಅಲ್ಲಿ ಹೆಚ್ಚಿನ ಓಮ್ ಹಾಕಿದರೆ ಸದ್ದು ಸ್ವಲ್ಪ ಕುಗ್ಗುತ್ತದೆ ಅಷ್ಟೇ, ಬರೆದಿರುವುದಕ್ಕಿಂತ ಕಡಿಮೆ ಹಾಕಿದರೆ ಔಟ್‌ಪುಟ್ ಹೋಗುತ್ತದೆ. ಜನ ಒಂದರ ನಿಯಮವನ್ನು ಇನ್ನೊಂದಕ್ಕೆ ಹೇಳುವುದರಿಂದಲೇ ಇಷ್ಟೊಂದು ಗೊಂದಲ.

ವಾಲ್ವ್ ಆಂಪ್‌ಗೆ ನಿಜವಾದ ಶತ್ರು ತಪ್ಪಾದ ಓಮ್ ಅಲ್ಲ, ಓಮ್ ಇಲ್ಲದಿರುವುದು. ಸ್ಪೀಕರ್ ಕಳಚಿದಾಗ ಟ್ರಾನ್ಸ್‌ಫಾರ್ಮರ್‌ನಲ್ಲಿ ಕೂಡಿದ ಶಕ್ತಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಹಲವು ಪಟ್ಟು ನೆಗೆಯುತ್ತದೆ. ವಾಲ್ವ್ ಸಾಕೆಟ್‌ನಲ್ಲಿ ಕಿಡಿ ಹಾರಿ ಕರಕಲು ಗೆರೆ ಮೂಡುತ್ತದೆ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಸುರುಳಿಯ ನಿರೋಧಕ ಪದರ ತೂತಾಗುತ್ತದೆ. ತೆಳು ಕೇಬಲ್ ಬೇಡ ಎಂದದ್ದು ಇದಕ್ಕೇ.

ಕ್ಯಾಬ್‌ನ ಚೀಟಿಯನ್ನು ನಂಬುವ ಬದಲು ಅಳೆಯಿರಿ. ಸ್ಪೀಕರ್ ಕೇಬಲ್‌ನ ಒಂದು ತುದಿ ಕ್ಯಾಬ್‌ಗೆ ಚುಚ್ಚಿ, ಇನ್ನೊಂದು ತುದಿಯ ಪ್ಲಗ್‌ನ ಮೂಗಿಗೂ ಮೈಗೂ ಮಲ್ಟಿಮೀಟರ್‌ನ ಕಡ್ಡಿಗಳನ್ನು ತಾಗಿಸಿ. 8 ಓಮ್ ಕ್ಯಾಬ್ 6ರಿಂದ 7 ತೋರಿಸುತ್ತದೆ, 16 ಓಮ್‌ನದ್ದು 12–13, 4 ಓಮ್‌ನದ್ದು 3ರ ಮೇಲೆ. ಮೀಟರ್ ನೋಡುವುದು ತಂತಿಯ ಡಿಸಿ ರೋಧವನ್ನು, ಅದಕ್ಕೇ ಕಡಿಮೆ. ಕೋನನ್ನು ಮೆಲ್ಲಗೆ ತಟ್ಟಿದರೆ ಅಂಕಿ ಅಲುಗಾಡುತ್ತದೆ. ಅಲುಗಾಡಿದರೆ ಕಾಯಿಲ್ ಜೀವಂತ.

ವ್ಯಾಟ್: ಇಲ್ಲಿ ನಿಮ್ಮ ಸ್ನೇಹಿತರು ತಲೆಕೆಳಗಾಗಿ ಹೇಳಿದ್ದಾರೆ

ಸ್ಪೀಕರ್ ಮೇಲಿನ ವ್ಯಾಟ್ ಎಂದರೆ ಅದು ಎಷ್ಟು ಶಾಖ ತಾಳಬಲ್ಲದು ಎಂಬುದು. ಅಷ್ಟು ಕೊಟ್ಟರೆ ಮಾತ್ರ ಓಡುತ್ತದೆ ಎಂದಲ್ಲ. 300 ವ್ಯಾಟ್ ಕ್ಯಾಬ್ 5 ವ್ಯಾಟ್ ಆಂಪ್‌ಗೂ ಹಾಡುತ್ತದೆ. ಒಂದು ಸಣ್ಣ ಸತ್ಯ ಆ ಮಾತಿನಲ್ಲಿದೆ: ಹೆಚ್ಚು ತಾಳುವ ಸ್ಪೀಕರ್‌ಗಳು ತಮ್ಮ ಮಿತಿಯ ಹತ್ತಿರ ಬಂದಾಗ ಮಾತ್ರ ಕೋನ್‌ನಿಂದ ಆ ಒರಟು ಸೊಗಸು ಹೊಮ್ಮಿಸುತ್ತವೆ. ನಾಲ್ಕು 75 ವ್ಯಾಟ್‌ಗಳಿಗೆ 50 ವ್ಯಾಟ್ ಹಂಚಿದರೆ ತಲಾ 12.5 ಬರುತ್ತದೆ, ಅವು ಎಚ್ಚರವಾಗುವ ಮೊದಲೇ ನಿಮ್ಮ ಆಂಪ್‌ನ ಕಥೆ ಮುಗಿದಿರುತ್ತದೆ. ಅದು ರುಚಿಯ ಮಾತು, ಅಪಾಯದ್ದಲ್ಲ.

ಅಪಾಯ ಇನ್ನೊಂದು ಕಡೆ. 50 ವ್ಯಾಟ್ ಎಂಬುದು ಸದ್ದು ಸ್ವಚ್ಛವಾಗಿರುವ ತನಕದ ಅಳತೆ. ಆಂಪನ್ನು ಒಡೆಯುವವರೆಗೆ ಏರಿಸಿದಾಗ ಅಲೆ ಚೌಕಾಕಾರಕ್ಕೆ ತಿರುಗಿ ಸ್ಪೀಕರ್‌ಗೆ 70–80 ವ್ಯಾಟ್ ಕೂಡ ಹೋಗಬಹುದು. ಅದಕ್ಕೇ ಕ್ಯಾಬ್‌ನ ತಾಳಿಕೆ ಆಂಪ್‌ನ ಒಂದೂವರೆ ಪಟ್ಟಾದರೂ ಇರಲಿ, ಏರಿಸಿ ನುಡಿಸುವವರಿಗೆ ಎರಡು ಪಟ್ಟು. ನಿಮ್ಮ 60 ವ್ಯಾಟ್‌ನ ಒಂಟಿ ಸ್ಪೀಕರ್ ಅರ್ಧ ವಾಲ್ಯೂಮ್‌ನಲ್ಲಿ ಏದುಸಿರು ಬಿಟ್ಟರೆ ಆಶ್ಚರ್ಯವಿಲ್ಲ. ಈ ಬಗೆಯ ಹೆಡ್‌ಗಳಲ್ಲಿ ಗುಂಡಿಯ ಅರ್ಧಕ್ಕೆ ಶಕ್ತಿಯ ಬಹುಪಾಲು ಬಂದುಬಿಟ್ಟಿರುತ್ತದೆ.

ಇದೇ ಲೆಕ್ಕದಲ್ಲಿ ಆ ಹೊಸ 2×12 ನೋಡಿ. 25ಕ್ಕೆ 60 ಕೂಡಿಸಿ 85 ವ್ಯಾಟ್ ಎಂದು ಚೀಟಿ ಅಂಟಿಸಿದ್ದರೆ ಅದು ಸುಳ್ಳು ಲೆಕ್ಕ. ಸಮಾನ ಓಮ್‌ನ ಎರಡು ಸ್ಪೀಕರ್‌ಗಳಿಗೆ ಶಕ್ತಿ ಸರಿಪಾಲಾಗುತ್ತದೆ. ಆದ್ದರಿಂದ ಕ್ಯಾಬ್‌ನ ತಾಳಿಕೆ ಬಲಹೀನ ಸ್ಪೀಕರ್‌ನ ದುಪ್ಪಟ್ಟು, ಅಂದರೆ 50. ನೀವು ಆಂಪ್ ಏರಿಸಿದಾಗ ಗ್ರೀನ್‌ಬ್ಯಾಕ್‌ಗೆ 35–40 ವ್ಯಾಟ್ ಬೀಳುತ್ತದೆ. ಕೆಲವು ತಿಂಗಳು ತುಂಬ ಚೆಂದವಾಗಿ ಕೇಳುತ್ತದೆ, ಆಮೇಲೊಂದು ದಿನ ಸುಟ್ಟ ವಾರ್ನಿಶ್ ವಾಸನೆ.

ಚೀಟಿಯಲ್ಲಿ ಯಾರೂ ಓದದ ಅಂಕಿ

ಓಮ್, ವ್ಯಾಟ್ ಎರಡೂ ಐದು ನಿಮಿಷದ ಲೆಕ್ಕ, ಸುರಕ್ಷತೆಗೆ. ಕಿವಿಗೆ ಬೀಳುವುದನ್ನು ತೀರ್ಮಾನಿಸುವುದು ಬೇರೆ: ಸ್ಪೀಕರ್‌ನ ಸೂಕ್ಷ್ಮತೆ, ಅದರ ಸ್ವಭಾವ, ಪೆಟ್ಟಿಗೆ ನಿಂತಿರುವ ಜಾಗ.

ಸೂಕ್ಷ್ಮತೆ ಎಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು. ಸೆಲೆಸ್ಟಿಯನ್ ಕಂಪನಿಯದ್ದೇ ಮೂರು ತೆಗೆದುಕೊಳ್ಳಿ: 75 ವ್ಯಾಟ್‌ನ ಜಿ12ಟಿ-75ರದ್ದು 97, 25 ವ್ಯಾಟ್‌ನ ಗ್ರೀನ್‌ಬ್ಯಾಕ್‌ನದ್ದು 98, 60 ವ್ಯಾಟ್‌ನ ವಿಂಟೇಜ್ 30ರದ್ದು 100. ನೋಡಲು ಮೂರು ಅಂಕಿಯ ವ್ಯತ್ಯಾಸ. ಆದರೆ 3 ಡೆಸಿಬೆಲ್ ಎಂದರೆ ಆಂಪ್‌ನ ಶಕ್ತಿ ಇಮ್ಮಡಿಯಾದ ಹಾಗೆ. ಸ್ಪೀಕರ್ ಮೇಲೆ ಹೆಚ್ಚು ವ್ಯಾಟ್ ಬರೆದಿದ್ದರೆ ಹೆಚ್ಚು ಜೋರು ಎಂಬ ನಂಬಿಕೆ ಇಲ್ಲೇ ಬಿದ್ದುಹೋಗುತ್ತದೆ. ಮೂವರಲ್ಲಿ 75ರದ್ದೇ ಮೆತ್ತಗೆ.

ಕೋಣೆಯ ವಿಚಾರಕ್ಕೂ ಇದೇ ಅಂಕಿ ಉತ್ತರ ಹೇಳುತ್ತದೆ. 100 ಡೆಸಿಬೆಲ್‌ನ ಸ್ಪೀಕರ್‌ಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್‌ನಲ್ಲಿ 100 ಡೆಸಿಬೆಲ್. 50 ವ್ಯಾಟ್ ಕೊಟ್ಟರೆ 117. ಅಂದರೆ ಚಿಕ್ಕ ಕ್ಯಾಬ್ ಕೊಂಡರೆ ಮನೆಯಲ್ಲಿ ಸದ್ದು ತಗ್ಗುತ್ತದೆ ಎಂದು ಕೊಳ್ಳಬೇಡಿ, ತಗ್ಗುವುದಿಲ್ಲ. ಕೋಣೆಯಲ್ಲಿ ಏರಿಸಿದ ಆಂಪ್‌ನ ರುಚಿ ಬೇಕಿದ್ದರೆ ಆಂಪ್‌ಗೂ ಸ್ಪೀಕರ್‌ಗೂ ನಡುವೆ ಅಟೆನ್ಯುಯೇಟರ್ (ಶಕ್ತಿಯ ಬಹುಪಾಲನ್ನು ತಾನೇ ನುಂಗಿ ಉಳಿದದ್ದನ್ನು ಸ್ಪೀಕರ್‌ಗೆ ಬಿಡುವ ಪೆಟ್ಟಿಗೆ) ಬೇಕು. ಅದರ ಓಮ್ ಸರಿಹೊಂದಬೇಕು, ತಾಳಿಕೆ ಕನಿಷ್ಠ 100 ವ್ಯಾಟ್ ಇರಬೇಕು.

ನಿಮಗೆ ಮಂದ, ಎದುರಿನವರಿಗೆ ಚೂಪು

ಇದಕ್ಕೆ ಕ್ಯಾಬ್ ಬದಲಿಸಬೇಕಿಲ್ಲ. 12 ಇಂಚಿನ ಕೋನ್ ಸುಮಾರು 1,300 ಹರ್ಟ್ಜ್‌ನಿಂದ ಮೇಲಕ್ಕೆ ಟಾರ್ಚಿನಂತೆ ವರ್ತಿಸುತ್ತದೆ. ಅಲೆಯ ಉದ್ದ ಕೋನ್‌ನ ಅಗಲಕ್ಕಿಂತ ಚಿಕ್ಕದಾದಾಗ ಸದ್ದು ಹರಡದೆ ನೇರ ಮುಂದಕ್ಕೆ ಹೋಗುತ್ತದೆ. ಗಿಟಾರ್‌ನ ಚುರುಕೆಲ್ಲ 2ರಿಂದ 4 ಕಿಲೋಹರ್ಟ್ಜ್‌ನಲ್ಲಿರುವುದು. ಕ್ಯಾಬ್ ನೆಲದ ಮೇಲಿದೆ, ನೀವು ಅದರ ಪಕ್ಕ ನಿಂತಿದ್ದೀರಿ. ಆ ಕಿರಣ ನಿಮ್ಮ ಮೊಣಕಾಲಿಗೆ ಬಡಿದು ಮುಂದೆ ಕೂತವರ ಕಿವಿಗೆ ಹೋಗುತ್ತಿದೆ. ನಿಮಗೆ ಕೇಳಿಸದ್ದಕ್ಕೆ ಟ್ರೆಬಲ್ ಏರಿಸುತ್ತೀರಿ, ಅವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಕ್ಯಾಬನ್ನು ಕುರ್ಚಿಯ ಎತ್ತರಕ್ಕೆ ಏರಿಸಿ ಅಥವಾ ಹಿಂದಕ್ಕೆ ಒರಗಿಸಿ, ಸ್ಪೀಕರ್ ನಿಮ್ಮ ಮುಖ ನೋಡುವಂತಿರಲಿ. ಎರಡು ಮೀಟರ್ ಹಿಂದೆ ಸರಿದು ಅಲ್ಲಿಂದ ಟೋನ್ ಗುಂಡಿಗಳನ್ನು ಮೊದಲಿನಿಂದ ಹೊಂದಿಸಿ. ಟ್ರೆಬಲ್ ಎಷ್ಟು ಇಳಿಯುತ್ತದೆ ನೋಡಿ. ನೆಲದಿಂದ ಏರಿಸಿದಾಗ ಬಾಸ್ ಸ್ವಲ್ಪ ಸೊರಗುತ್ತದೆ, ಗೋಡೆಗೆ ಹತ್ತಿರ ಸರಿಸಿದರೆ ಮರಳುತ್ತದೆ. 2×12 ತಂದರೆ ಅದನ್ನು ಉದ್ದುದ್ದ ನಿಲ್ಲಿಸಿ: ಮೇಲಿನ ಸ್ಪೀಕರ್ ಕಿವಿಗೆ ಹತ್ತಿರ ಬರುತ್ತದೆ, ಎಡಬಲಕ್ಕೆ ಸದ್ದೂ ಹೆಚ್ಚು ಹರಡುತ್ತದೆ. ತಯಾರಕರು ಅಡ್ಡಡ್ಡ ಇಡಲು ರಬ್ಬರ್ ಕಾಲು ಹಾಕಿರುತ್ತಾರೆ, ಪರವಾಗಿಲ್ಲ.

ಹಿಂಬದಿ ತೆರೆದದ್ದೋ ಮುಚ್ಚಿದ್ದೋ ಎಂಬುದಕ್ಕೆ ಎರಡೇ ಮಾತು. ತೆರೆದದ್ದು ಸುತ್ತಲೂ ಹರಡುತ್ತದೆ, ಹಿಂದೆ ಕೂತ ಡ್ರಮ್ಮರ್‌ಗೂ ಕೇಳುತ್ತದೆ, ಆದರೆ ಹಿಂದಿನ ಅಲೆ ಮುಂದಿನದನ್ನು ಕೊಯ್ದು ತಗ್ಗು ಸ್ವರಗಳು ಸೊರಗುತ್ತವೆ. ಮುಚ್ಚಿದ್ದು ಬಿಗಿ, ಮುಂದಕ್ಕೆ ಗುದ್ದುತ್ತದೆ. ಇಎಲ್34 ಹೆಡ್‌ನಲ್ಲಿ ಗೇಯ್ನ್ ಏರಿಸಿ ಅಂಗೈಯಿಂದ ತಂತಿ ಅದುಮಿ ನುಡಿಸುವವರಿಗೆ ಮುಚ್ಚಿದ್ದೇ ಸರಿ.

ಹಾಗಾದರೆ ಯಾವುದು

4×12 ಸದ್ದಿನ ಮಟ್ಟಿಗೆ ತಪ್ಪಿಲ್ಲದ ಆಯ್ಕೆ. ನಾಲ್ಕು ಕೋನ್‌ಗಳು ತಗ್ಗು ಸ್ವರಗಳಲ್ಲಿ ಒಟ್ಟಾಗಿ ಗಾಳಿ ತಳ್ಳುವುದರಿಂದ ಆ ಎದೆಗೆ ಬಡಿಯುವ ಅನುಭವ ಬೇರೆ ಯಾವುದರಲ್ಲೂ ಬರುವುದಿಲ್ಲ, ಸ್ಪೀಕರ್ ಸುಡುವ ಮಾತೂ ಇಲ್ಲ. ಆದರೆ ಈ ಬಗೆಯ ಪೂರ್ಣ ಅಳತೆಯ ಕ್ಯಾಬ್ 36 ಕಿಲೋ ಆಸುಪಾಸು ತೂಗುತ್ತದೆ. ಕೋಣೆ, ವಾರದ ಅಭ್ಯಾಸ, ಸಣ್ಣ ವೇದಿಕೆ ಎನ್ನುವವರು ಅದನ್ನು ಮೂರನೇ ಸಲ ಮೆಟ್ಟಿಲು ಹತ್ತಿಸುವಾಗ ನನ್ನನ್ನು ನೆನೆಸಿಕೊಳ್ಳುವುದು ಖಂಡಿತ.

ನಿಮಗೆ ನಾನು ಹೇಳುವುದು 2×12, ಹಿಂಬದಿ ಮುಚ್ಚಿದ್ದು, ಆದರೆ ಆ ಸ್ಪೀಕರ್ ಜೋಡಿ ಬೇಡ. ಅದೇ ಪೆಟ್ಟಿಗೆಯನ್ನು ಎರಡು ವಿಂಟೇಜ್ 30 ಹಾಕಿ ಕೊಡುವುದಾದರೆ 120 ವ್ಯಾಟ್ ತಾಳಿಕೆ, ಮಿಡ್ ಮುಂದೆ ನುಗ್ಗಿ ಡ್ರಮ್ ಸೀಳಿಕೊಂಡು ಬರುತ್ತದೆ. ಗ್ರೀನ್‌ಬ್ಯಾಕ್‌ನ ಒರಟು ಮೃದುತನವೇ ಇಷ್ಟವಿದ್ದರೆ 65 ವ್ಯಾಟ್ ಕ್ರೀಮ್‌ಬ್ಯಾಕ್ ಜೋಡಿ; ಸ್ವಭಾವ ಹತ್ತಿರ ಹತ್ತಿರ ಅದೇ, ತಾಳಿಕೆ 130. ಮಿಶ್ರವೇ ಬೇಕೆಂದರೆ ವಿಂಟೇಜ್ 30 ಜತೆಗೆ ಒಂದು ಕ್ರೀಮ್‌ಬ್ಯಾಕ್. ಮಿಶ್ರಣದಲ್ಲಿ ಸೂಕ್ಷ್ಮತೆಯ ಅಂತರ 3 ಡೆಸಿಬೆಲ್ ಮೀರದಿರಲಿ, ಮೀರಿದರೆ ಮೆತ್ತಗಿನದಕ್ಕೆ ದುಡ್ಡು ಕೊಟ್ಟೂ ಕೇಳಿಸುವುದಿಲ್ಲ.

ಕೊಳ್ಳುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಈ 8 ಓಮ್ ಹೇಗೆ ಬಂತು? ಎರಡು 16 ಓಮ್ ಸ್ಪೀಕರ್ ಪ್ಯಾರಲಲ್‌ನಲ್ಲೂ (ಎರಡಕ್ಕೂ ಬೇರೆ ಬೇರೆ ದಾರಿ) 8 ಆಗುತ್ತದೆ, ಎರಡು 4 ಓಮ್ ಸೀರೀಸ್‌ನಲ್ಲೂ (ಒಂದರ ಮೂಲಕ ಇನ್ನೊಂದಕ್ಕೆ, ಒಂದೇ ದಾರಿ) ಆಗುತ್ತದೆ. ಮೊದಲನೆಯದನ್ನೇ ತೆಗೆದುಕೊಳ್ಳಿ. ಪ್ಯಾರಲಲ್‌ನಲ್ಲಿ ಒಂದು ಸ್ಪೀಕರ್ ಸತ್ತರೆ ಇನ್ನೊಂದು ಆಂಪನ್ನು ಹಿಡಿದುಕೊಂಡಿರುತ್ತದೆ, ಸದ್ದು ಬದಲಾದದ್ದು ಕೇಳಿ ನಿಲ್ಲಿಸಬಹುದು. ಸೀರೀಸ್‌ನಲ್ಲಿ ಒಂದು ಹೋದರೆ ದಾರಿಯೇ ಕಡಿದುಹೋಗಿ ಲೋಡ್ ಇಲ್ಲದ ಸ್ಥಿತಿ.

ಮರದ ಬಗ್ಗೆ ನಡೆಯುವ ಜಗಳಕ್ಕೆ ಕೊನೆಯಿಲ್ಲ. 18 ಮಿಲಿಮೀಟರ್ ಬರ್ಚ್ ಪ್ಲೈವುಡ್ ಒಳ್ಳೆಯದು. ಪುಡಿಮರದ ಹಲಗೆಯಲ್ಲಿ ಸ್ಕ್ರೂ ಎರಡು ಸಲ ಬಿಚ್ಚಿದರೆ ಹಿಡಿತ ಬಿಡುತ್ತದೆ, ತೇವಕ್ಕೆ ಉಬ್ಬುತ್ತದೆ. ಇಷ್ಟು ತಿಳಿದಿದ್ದರೆ ಸಾಕು. ಸ್ಪೀಕರ್ ಬದಲಿಸಿದರೆ ಕೇಳುವ ವ್ಯತ್ಯಾಸದ ಮುಂದೆ ಇದು ಸಣ್ಣದು. ಇರುವ ಪೆಟ್ಟಿಗೆಗೆ ನೀವೇ ಬೇರೆ 12 ಇಂಚಿನದನ್ನು ಕೂರಿಸುವುದಾದರೆ, ಸೆಲೆಸ್ಟಿಯನ್‌ಗಳಿಗೆ ಹಲಗೆಯ ತೂತು 283 ಮಿಲಿಮೀಟರ್, ಬೋಲ್ಟ್‌ಗಳ ವೃತ್ತದ ವ್ಯಾಸ 297. ಆಯಸ್ಕಾಂತ ಹಿಂಬದಿ ಹಲಗೆಗೆ ತಾಗದಷ್ಟು ಆಳವಿದೆಯೇ ಅಳೆದುಕೊಳ್ಳಿ.

4×12 ಮೇಲೇ ಮನಸ್ಸು ನಿಂತಿದ್ದರೆ ಹಿಂಬದಿ ಹಲಗೆ ಬಿಚ್ಚದೆ ದುಡ್ಡು ಕೊಡಬೇಡಿ. ಹೊರಗಿನ ಜ್ಯಾಕ್‌ನಲ್ಲಿ ಅಳೆದದ್ದು ಸಾಲದು. ನಾಲ್ಕು 16 ಓಮ್ ಇರಬೇಕಾದಲ್ಲಿ ಯಾರೋ ಒಂದನ್ನು 8 ಓಮ್‌ನಿಂದ ಬದಲಿಸಿದ್ದರೆ ಒಟ್ಟು 13–14 ಓಮ್ ಆಗುತ್ತದೆ. ಮೀಟರ್‌ನಲ್ಲಿ 12ರ ಬದಲು 10.5 ಕಾಣುತ್ತದೆ, ಮೇಲ್ನೋಟಕ್ಕೆ ಸಂಶಯವೇ ಬರುವುದಿಲ್ಲ. ಒಂದೊಂದು ಸ್ಪೀಕರ್‌ನ ಒಂದು ವೈರು ಕಳಚಿ ಪ್ರತ್ಯೇಕ ಅಳೆಯಿರಿ. ಎರಡೆರಡನ್ನು ಸೀರೀಸ್‌ನಲ್ಲಿ ಕಟ್ಟಿ ಆ ಜೋಡಿಗಳನ್ನು ಪ್ಯಾರಲಲ್ ಮಾಡಿರುವ ಕ್ಯಾಬ್‌ನಲ್ಲಿ ಹೊರಗೆ 24–25 ತೋರಿಸಿದರೆ ಒಂದು ಸತ್ತಿದೆ, ಅದರ ಜೋಡಿಯೂ ಮೌನ. ಇನ್ನೊಂದು ಬಲೆ ಹಿಂಬದಿಯ ಮೋನೊ–ಸ್ಟೀರಿಯೊ ಸ್ವಿಚ್. ಅದು ಸ್ಟೀರಿಯೊದಲ್ಲಿದ್ದು ನೀವು ಒಂದೇ ಕೇಬಲ್ ಹಾಕಿದರೆ ಎರಡೇ ಸ್ಪೀಕರ್ ಓಡುತ್ತವೆ, ಅದೂ 8 ಓಮ್‌ನಲ್ಲಿ, ಆಂಪ್ 16ರಲ್ಲಿರುವಾಗ. ನುಡಿಸುತ್ತಿರುವಾಗ ಆ ಸ್ವಿಚ್ ಮುಟ್ಟಬೇಡಿ; ಮಧ್ಯದ ಕ್ಷಣದಲ್ಲಿ ಸಂಪರ್ಕ ಕಡಿಯುತ್ತದೆ.

ಹಳೆಯ 1×12 ಅನ್ನು ಬಿಸಾಡಬೇಡಿ, ಕಾಯಿಲ್ ಉಜ್ಜುತ್ತಿಲ್ಲವಾದರೆ. 8 ಓಮ್‌ನ 2×12 ಜತೆ ಪ್ಯಾರಲಲ್‌ನಲ್ಲಿ ಸೇರಿಸಿದರೆ ಒಟ್ಟು 4 ಓಮ್, ಸ್ವಿಚ್ಚು 4ಕ್ಕೆ. ಆಂಪ್ ಹಿಂದಿನ ಎರಡು ಸ್ಪೀಕರ್ ಜ್ಯಾಕ್‌ಗಳು ಸಾಮಾನ್ಯವಾಗಿ ಒಳಗೇ ಪ್ಯಾರಲಲ್ ಆಗಿರುತ್ತವೆ. ಶಕ್ತಿ ಅರ್ಧರ್ಧ; ನಿಮ್ಮ 60 ವ್ಯಾಟ್‌ನದಕ್ಕೆ 25, ಏರಿಸಿದರೆ 40, ನೆಮ್ಮದಿಯಾಗಿರುತ್ತದೆ. 16 ಓಮ್‌ನ 4×12 ಜತೆಯಾದರೆ 5.3 ಓಮ್ ಆಗುತ್ತದೆ, ಅದಕ್ಕೆ 8ಕ್ಕಿಂತ 4 ಹತ್ತಿರವಾದ್ದರಿಂದ ಸ್ವಿಚ್ಚು 4ರಲ್ಲೇ ಇರಲಿ. ಆದರೆ ಮೂರರಲ್ಲಿ ಎರಡು ಪಾಲು ಚಿಕ್ಕ ಕ್ಯಾಬ್‌ಗೇ ಹೋಗುತ್ತದೆ, ನಾಲ್ಕು ಸ್ಪೀಕರ್‌ಗಳು ಉಳಿದದ್ದನ್ನು ಹಂಚಿಕೊಳ್ಳುತ್ತವೆ. ಆ ಜೋಡಣೆ ಬೇಡ.

ಎರಡು ಕ್ಯಾಬ್ ಸೇರಿಸಿದ ಮೇಲೆ ಸದ್ದು ದಪ್ಪಗಾಗುವ ಬದಲು ಟೊಳ್ಳಾದರೆ ಒಂದರ ಧ್ರುವ ತಿರುಗಿದೆ: ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತಿದೆ. ಆಂಪ್ ಕಳಚಿ, 1.5 ವೋಲ್ಟ್‌ನ ಒಂದು ಸೆಲ್ ತೆಗೆದುಕೊಂಡು ಕ್ಯಾಬ್‌ಗೆ ಚುಚ್ಚಿದ ಕೇಬಲ್‌ನ ಪ್ಲಗ್ ಮೂಗಿಗೆ ಧನ, ಮೈಗೆ ಋಣ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಜಿಗಿಯಬೇಕು. ಯಾವ ಕ್ಯಾಬ್‌ನಲ್ಲಿ ಒಳಕ್ಕೆ ಹೋಯಿತೋ ಅದರ ಜ್ಯಾಕ್ ಹಿಂದಿನ ಎರಡು ವೈರುಗಳನ್ನು ಅದಲುಬದಲು ಮಾಡಿ.